ಕಿರುನಾಕ್ಕೆ ಒಯ್ದ ಒಂಬತ್ತು ಘಟನೆಗಳು

ಸಂತಪುರದಿಂದ ಬೀದರಕ್ಕೆ

ಉತ್ತರ ಧ್ರುವದ ಹತ್ತಿರದ ಊರಿಗೆ ಹೋಗುವಾಗ ಉಣ್ಣೆಯ ಬಟ್ಟೆ ಒಯ್ಯಬೇಕು ಎಂದು ಭಾಲ್ಕಿಯಲ್ಲಿ ಎಲ್ಲರೂ ಹೇಳಿದರು. ಅವರಲ್ಲಿ ಒಬ್ಬರೂ ಬೀದರ ಜಿಲ್ಲೆಯ ಆಚೆ ಚಳಿ ಕಂಡವರಲ್ಲ. ನಾನು ಒಯ್ದದ್ದು ಒಂದು ಸ್ವೆಟರು, ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮತ್ತು ಪೆನ್ ಡ್ರೈವಿನಲ್ಲಿ ಒಂಬತ್ತು ಘಟನೆಗಳು.

ಅವ್ವನಿಗೆ ಹೇಳಿ ಬರಲು ಸಂತಪುರಕ್ಕೆ ಹೋಗಿದ್ದೆ. ಅಲ್ಲಿಂದ ಔರಾದ-ಬೀದರ ಬಸ್ಸು ಹಿಡಿದೆ. ಪಕ್ಕದಲ್ಲಿ ಮೆಂತ್ಯಪಲ್ಯದ ಗಂಟು ತೊಡೆಯ ಮೇಲಿಟ್ಟುಕೊಂಡ ಒಬ್ಬ ಹೆಂಗಸು ಕೂತಿದ್ದಳು. ನನ್ನ ಸೂಟ್‌ಕೇಸನ್ನು ಮೇಲಿಂದ ಕೆಳಗೆ ನೋಡಿದಳು.

“ಎಲ್ಲಿಗಿ ಹೊಂಟೀರಿ ತಂಗಿ, ಇಷ್ಟು ದೊಡ್ಡ ಪೆಟ್ಟಿಗಿ?”

“ಸ್ವೀಡನ್ ದೇಶಕ್ಕರಿ ಅಕ್ಕಾ.”

“ಯಾಕರಿ?”

“ಸೂರ್ಯನ ಕಡಿಂದ ಒಂದು ಗಾಳಿ ಬರ್ತದರಿ. ಭೂಮಿ ಮುಂದ ಬಂದು ಡಿಕ್ಕಿ ಹೊಡೀತದ. ಅಲ್ಲಿ ಸಣ್ಣ ಸಣ್ಣ ಕಣಕ್ಕ ಭಾಳ ವೇಗ ಬರ್ತದ. ಹ್ಯಾಂಗ ಬರ್ತದಂತ ಹೇಳ್ಲಿಕ್ಕಿ ಹೊಂಟೀನಿ.”

ಆಕೆ ಸ್ವಲ್ಪ ಯೋಚನೆ ಮಾಡಿ ಕೇಳಿದಳು, “ಫೋನಿನ್ಯಾಗ ಹೇಳ್ಲಿಕ್ಕಿ ಬರಾಂಗಿಲ್ಲೇನು?”

ನಾನು ನಕ್ಕೆ. ಆದರೆ ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಫೋನಿನಲ್ಲಿ, ಪತ್ರದಲ್ಲಿ, ಲೇಖನದಲ್ಲಿ ಎರಡು ವರ್ಷ ಹೇಳಿ ಹೇಳಿ ಸಾಕಾಗಿತ್ತು. ಯಾರೂ ಕೇಳಿರಲಿಲ್ಲ.

ಓದುವವರಿಗೂ ಒಂದಿಷ್ಟು ಹೇಳಿಬಿಡುತ್ತೇನೆ. ಸೂರ್ಯನಿಂದ ಹೊರಟ ವಿದ್ಯುತ್ ಕಣಗಳ ಗಾಳಿ ಸದಾ ಗ್ರಹಗಳ ಕಡೆಗೆ ಬೀಸುತ್ತಿರುತ್ತದೆ. ಭೂಮಿಗೆ ತನ್ನದೇ ಕಾಂತಕ್ಷೇತ್ರ ಇರುವುದರಿಂದ ಆ ಗಾಳಿ ನೇರ ನುಗ್ಗಲಾರದು. ಭೂಮಿಯ ಮುಂದೆ ಬಹಳ ದೂರದಲ್ಲೇ ಒಮ್ಮೆಲೇ ವೇಗ ಕಳೆದುಕೊಂಡು ದಟ್ಟವಾಗುತ್ತದೆ. ಆ ಜಾಗಕ್ಕೆ ಆಘಾತ ತರಂಗ ಎನ್ನುತ್ತೇವೆ. ಅಲ್ಲಿಗೆ ಬಂದ ಕಣಗಳಲ್ಲಿ ಕೆಲವು ಪುಟಿದು ಮತ್ತೆ ಸೂರ್ಯನ ಕಡೆಗೆ ಓಡುತ್ತವೆ. ಎದುರಿನಿಂದ ಬರುವ ಗಾಳಿಯಲ್ಲಿನ ಕಾಂತ ಅಲೆಗಳು ಅವನ್ನು ಹಿಡಿದು ತಿರುಗಿಸಿ ಆಘಾತದ ಕಡೆಗೇ ಕಳಿಸುತ್ತವೆ. ಸುಮ್ಮನೆ ನಿಂತ ಗೋಡೆಗೆ ಚೆಂಡು ಹೊಡೆದರೆ ಹೊಡೆದ ವೇಗದಲ್ಲೇ ವಾಪಸು ಬರುತ್ತದೆ. ಎದುರಿಗೆ ಬರುತ್ತಿರುವ ಟ್ರ್ಯಾಕ್ಟರಿಗೆ ಹೊಡೆದು ನೋಡಿ, ಇನ್ನೂ ಜೋರಾಗಿ ವಾಪಸು ಬರುತ್ತದೆ. ಈ ಕಣಗಳಿಗೂ ಹಾಗೆಯೇ. ಹೋಗಿ ಬಂದು, ಹೋಗಿ ಬಂದು, ಪ್ರತಿ ಸಲ ಇಷ್ಟಿಷ್ಟು ಶಕ್ತಿ ಗಳಿಸುತ್ತವೆ.

ಹೀಗೆ ಶಕ್ತಿ ಗಳಿಸಿದ ಕಣಗಳು ಆಘಾತದಿಂದ ಸೂರ್ಯನ ಕಡೆಗೆ ಧಾವಿಸುವುದನ್ನು ಒಂದು ಉಪಗ್ರಹದ ದಾಖಲೆಯಲ್ಲಿ ನಾನು ಒಂಬತ್ತು ಸಲ ಹಿಡಿದಿದ್ದೆ. ಭಾಲ್ಕಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ, ಸಂಜೆ ಮತ್ತು ರಜೆಗಳಲ್ಲಿ ಕೂತು ಐದು ವರ್ಷ ಮಾಡಿದ ಕೆಲಸ ಅದು. ಬೀದರದ ನಜೀರ್ ಸರ್ ನನ್ನ ಮಾರ್ಗದರ್ಶಕರು. ಒಂಬತ್ತರ ಬಗ್ಗೆ ನಮ್ಮಿಬ್ಬರ ಹೆಸರಿನ ಒಂದು ಚಿಕ್ಕ ಲೇಖನ ಆಗಲೇ ಅಚ್ಚಾಗಿತ್ತು. ದೊಡ್ಡ ಲೇಖನ ಮಾತ್ರ ಎರಡು ಸಲ ವಾಪಸು ಬಂತು. ಅದು ಅಚ್ಚಾಗದೆ ನನ್ನ ಪಿಎಚ್.ಡಿ. ಪ್ರಬಂಧ ಮುಂದೆ ಹೋಗುವಂತಿರಲಿಲ್ಲ. ವಿಶ್ವವಿದ್ಯಾಲಯ ಕೊಟ್ಟ ಕೊನೆಯ ಗಡುವೂ ಆ ವರ್ಷಕ್ಕೆ ಮುಗಿಯುತ್ತಿತ್ತು.

ಪತ್ರಿಕೆಯ ಪರವಾಗಿ ಅದನ್ನು ಪರಿಶೀಲಿಸಿ ವಾಪಸು ಕಳಿಸಿದವರು ಬ್ರಿಗಿಟ್ಟಾ ಎಂಬ ಸ್ವೀಡನ್ನಿನ ವಿಜ್ಞಾನಿ. ಇಂಥ ಪರಿಶೀಲಕರು ಸಾಮಾನ್ಯವಾಗಿ ಬಚ್ಚಿಡುವ ಹೆಸರನ್ನು ಬಚ್ಚಿಡದೆ ಸಹಿ ಹಾಕಿಯೇ ಬರೆದಿದ್ದರು. ಅವರ ಆಕ್ಷೇಪ ಒಂದೇ. ಕಣಗಳು ಕಾಂತಕ್ಷೇತ್ರದ ರೇಖೆಯ ಗುಂಟ ಹೋಗುತ್ತವೆ. ನಿಮ್ಮ ಒಂಬತ್ತರಲ್ಲಿ ಕೆಲವು ಘಟನೆಗಳಲ್ಲಿ ಆ ರೇಖೆ ಆಘಾತವನ್ನು ಮುಟ್ಟುವುದೇ ಇಲ್ಲ. ಮುಟ್ಟದ ಜಾಗದಿಂದ ಕಣ ಹೇಗೆ ಬಂತು? ನಾನು ಎರಡು ಪುಟ ಉತ್ತರ ಬರೆದಿದ್ದೆ. ರೇಖೆ ದಾರಿಯಲ್ಲಿ ಬಾಗಿರಬೇಕು, ಬಾಗಿದರೆ ಮುಟ್ಟುತ್ತದೆ ಎಂದು ಚಿತ್ರ ಬಿಡಿಸಿ ತೋರಿಸಿದ್ದೆ. ಅವರು ಒಂದೇ ಸಾಲು ಬರೆದರು: “ನನಗೆ ನಂಬಿಕೆ ಬರಲಿಲ್ಲ.”

ಹಾಗಾದರೆ ಎದುರಿಗೇ ಹೋಗಿ ನಂಬಿಸುತ್ತೇನೆ ಎಂದು ಹೊರಟೆ. ಕಿರುನಾ ಎಂಬ ಊರಿನಲ್ಲಿ ಆ ಉಪಗ್ರಹದ ದಾಖಲೆ ಬಳಸುವವರ ಸಭೆಯಿತ್ತು. ಹದಿನೈದು ನಿಮಿಷ ನನಗೆ ಕೊಟ್ಟಿದ್ದರು.

ಸ್ಟಾಕ್‌ಹೋಮ್

ವಿಮಾನ ನಿಲ್ದಾಣದಲ್ಲಿ ಎತ್ತರದ ಒಬ್ಬ ಅಧಿಕಾರಿ ಶೇಂಗಾ ಹಿಂಡಿಯ ಡಬ್ಬಿ ತೆರೆದು ಮೂಸಿ, ಎರಡು ಸಲ ಸೀನಿದ. ಇದೇನು ಎಂದ. ರೊಟ್ಟಿಗೆ ಹಚ್ಚಿಕೊಳ್ಳುವುದು ಎಂದೆ. ರೊಟ್ಟಿ ಎಲ್ಲಿ ಎಂದ. ಅವ್ವನ ಕಡಕ್ ರೊಟ್ಟಿ ತೋರಿಸಿದೆ. ಅವನು ಅದನ್ನು ಬೆರಳಿನಿಂದ ಬಡಿದು ನೋಡಿ ತನ್ನ ಜೊತೆಯವನನ್ನು ಕರೆದ. ಇಬ್ಬರೂ ತಮ್ಮ ಭಾಷೆಯಲ್ಲಿ ಏನೋ ಮಾತಾಡಿಕೊಂಡರು. ಆಮೇಲೆ ತಿಳಿದದ್ದು, ಅವರ ನಾಡಿನಲ್ಲೂ ಇಂಥದೇ ತೆಳ್ಳಗಿನ ಗಟ್ಟಿ ರೊಟ್ಟಿ ತಿಂಗಳುಗಟ್ಟಲೆ ಇಟ್ಟುಕೊಂಡು ತಿನ್ನುತ್ತಾರಂತೆ. ನಮ್ಮದಕ್ಕಿಂತ ಚೆನ್ನಾಗಿರಲಿಕ್ಕಿಲ್ಲ ಬಿಡಿ.

ಕಿರುನಾ, ಮೊದಲ ಎರಡು ದಿನ

ಕಿರುನಾ ಕಬ್ಬಿಣದ ಗಣಿಯ ಊರು. ಕೆಳಗೆ ಅಗೆದು ಅಗೆದು ಮೇಲಿನ ನೆಲ ಬಿರುಕು ಬಿಡುತ್ತಿದೆಯಂತೆ, ಅದಕ್ಕೆ ಊರನ್ನೇ ಪಕ್ಕಕ್ಕೆ ಸರಿಸುತ್ತಿದ್ದಾರೆ. ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಸೂರ್ಯನ ಗಾಳಿಯ ಬಗ್ಗೆ ಮಾತಾಡಲು ಬಂದವಳಿಗೆ ಸೂರ್ಯ ಬಿಡುವೇ ಕೊಡಲಿಲ್ಲ. ರಸ್ತೆಯ ನಡುವೆ ಹಿಮಸಾರಂಗಗಳು ನಿಂತರೆ ಕಾರುಗಳೂ ನಿಲ್ಲುತ್ತವೆ. ಭಾಲ್ಕಿಯಲ್ಲಿ ಎಮ್ಮೆ ನಿಂತಾಗ ನಾವು ಒತ್ತುವ ಹಾರನ್ನು ಅಲ್ಲಿ ಒಬ್ಬನೂ ಒತ್ತಲಿಲ್ಲ. ಬಸ್ ನಿಲ್ದಾಣದಲ್ಲಿ ಒಬ್ಬರಿಂದ ಒಬ್ಬರು ಎರಡು ಮಾರು ದೂರ ನಿಲ್ಲುತ್ತಾರೆ. ನಾನು ನಮ್ಮ ರೂಢಿಯಂತೆ ಒಬ್ಬಾಕೆಯ ಪಕ್ಕದಲ್ಲೇ ನಿಂತೆ, ಆಕೆ ಮೆಲ್ಲಗೆ ಸರಿದಳು. ನಾನೂ ಸರಿದೆ. ಹೀಗೆ ಇಬ್ಬರೂ ನಿಲ್ದಾಣ ದಾಟಿ ಹೋಗುವುದರಲ್ಲಿದ್ದೆವು.

ಸಭೆ ನಡೆದದ್ದು ಬೇಸಿಗೆ ರಜೆಯಲ್ಲಿದ್ದ ಒಂದು ಶಾಲೆಯಲ್ಲಿ. ಬಾಗಿಲಲ್ಲೇ ಬೂಟು ಬಿಡಬೇಕು. ಜಗತ್ತಿನ ದೊಡ್ಡ ದೊಡ್ಡ ವಿಜ್ಞಾನಿಗಳು ಕಾಲುಚೀಲದಲ್ಲಿ ಓಡಾಡುವುದನ್ನು ಕಂಡು ನನಗೆ ಧೈರ್ಯ ಬಂತು. ನಾನು ಚಪ್ಪಲಿ ಹಾಕಿಕೊಂಡು ಬಂದವಳು, ಕಾಲುಚೀಲ ಇರಲಿಲ್ಲ. ಬರಿಗಾಲಲ್ಲೇ ಒಳಗೆ ಹೋದೆ. ನಮ್ಮ ಮನೆಗಳಲ್ಲಿ ಹಾಗೆ ತಾನೇ ಓಡಾಡುತ್ತೇವೆ.

ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ಅಲ್ಲಿ ಕೆಲಸ ನಿಲ್ಲುತ್ತದೆ. ಎಂಥ ಕೆಲಸವಿದ್ದರೂ ನಿಲ್ಲುತ್ತದೆ. ಎಲ್ಲರೂ ಊಟದ ಕೋಣೆಯಲ್ಲಿ ಸೇರಿ ಕಾಫಿ ಕುಡಿದು ದಾಲ್ಚಿನ್ನಿ ಹಾಕಿದ ಬನ್ನು ತಿನ್ನುತ್ತಾರೆ. ಮೊದಲ ದಿನ ಸಭೆಯ ಉಸ್ತುವಾರಿ ಹೊತ್ತಿದ್ದ ಬ್ರಿಗಿಟ್ಟಾ ಅವರೇ ತಟ್ಟೆ ಹಿಡಿದು ನನ್ನ ಹತ್ತಿರ ಬಂದರು. ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲು, ತೆಳ್ಳಗಿನ ಮೈ, ಅಚ್ಚಾದ ಪುಸ್ತಕ ಓದಿದ ಹಾಗೆ ಮಾತು.

“ತೆಗೆದುಕೊಳ್ಳುತ್ತೀರಾ?”

“ಬೇಡ, ಬೇಡ, ಧನ್ಯವಾದ” ಎಂದೆ.

ಅವರು ತಲೆಯಾಡಿಸಿ ತಟ್ಟೆಯನ್ನು ಮುಂದಿನವರಿಗೆ ಹಿಡಿದರು.

ನಾನು ಹಾಗೇ ನೋಡುತ್ತ ನಿಂತೆ. ನಮ್ಮ ಬೀದರ ಕಡೆ ಮೊದಲ ಸಲಕ್ಕೇ ಹೂಂ ಎಂದರೆ ಹಸಿದುಕೊಂಡು ಬಂದವರು ಎನ್ನುತ್ತಾರೆ. ಬೇಡ ಎನ್ನಬೇಕು, ಅವರು ಒತ್ತಾಯ ಮಾಡಬೇಕು, ಮತ್ತೆ ಬೇಡ ಎನ್ನಬೇಕು, ಅವರು ಆಣೆ ಹಾಕಬೇಕು, ಆಗ ತೆಗೆದುಕೊಳ್ಳಬೇಕು. ಇಲ್ಲಿ ಬೇಡ ಎಂದರೆ ಬೇಡ ಎಂದೇ ಅರ್ಥ. ನಾಲ್ಕು ಸಲ ಕಾಫಿ ಬಂತು, ನಾಲ್ಕು ಸಲವೂ ನನ್ನ ಬಾಯಿಂದ ತಾನಾಗಿ ಬೇಡ ಎಂದೇ ಬಂತು. ಕೊನೆಗೆ ಕೇಳುವುದನ್ನೇ ಬಿಟ್ಟರು. ಇದರಲ್ಲಿ ಸ್ವಲ್ಪ ಸಿಟ್ಟೂ ಸೇರಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ನನ್ನ ಐದು ವರ್ಷವನ್ನು ಒಂದೇ ಸಾಲಿನಲ್ಲಿ ಮುಗಿಸಿದವರ ಕೈಯಿಂದ ಬನ್ನು ತಿನ್ನುವುದು ಯಾಕೆ ಎಂಬ ಸಿಟ್ಟು. ಖಾಲಿ ತರಗತಿಯಲ್ಲಿ ಮಕ್ಕಳ ಚಿಕ್ಕ ಬೆಂಚಿನ ಮೇಲೆ ಕೂತು ರೊಟ್ಟಿ ಮುರಿಯುತ್ತ, ಬಾಗಿದ ರೇಖೆಯ ಚಿತ್ರಗಳನ್ನೇ ಮತ್ತೆ ಮತ್ತೆ ತಿದ್ದುತ್ತಿದ್ದೆ. ಅವರನ್ನು ಸೋಲಿಸದೆ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದೆ.

ಮೂರನೆಯ ದಿನ, ಹತ್ತು ಗಂಟೆ

ರೊಟ್ಟಿ ಮುಗಿದವು. ಹಟ ಎಷ್ಟಿದ್ದರೂ ಹೊಟ್ಟೆ ಕೇಳಬೇಕಲ್ಲ. ಮೂರನೆಯ ದಿನ ಹತ್ತು ಗಂಟೆಗೆ ನಾನೇ ಊಟದ ಕೋಣೆಗೆ ಹೋದೆ. ಮೂಲೆಯ ಮೇಜಿನಲ್ಲಿ ಒಬ್ಬ ಮುದುಕರು ಒಂದು ಮರದ ಪೆಟ್ಟಿಗೆ ಎದುರಿಗಿಟ್ಟುಕೊಂಡು ಕೂತಿದ್ದರು. ಬನ್ನು ಬೇಕೇ ಎಂದರು. ಅವರ ಮಾತು ಮುಗಿಯುವ ಮೊದಲೇ ಬೇಕು ಎಂದೆ.

ಅವರ ಹೆಸರು ಲೆನ್ನಾರ್ಟ್. ಉಪಗ್ರಹದಲ್ಲಿರುವ ಕಣ ಹಿಡಿಯುವ ಉಪಕರಣವನ್ನು ಜೋಡಿಸಿದ ಎಂಜಿನಿಯರು, ಈಗ ನಿವೃತ್ತರು. ಪೆಟ್ಟಿಗೆಯಲ್ಲಿ ಅದರ ಜೊತೆಗೇ ಮಾಡಿದ ಅಂಥದೇ ಇನ್ನೊಂದು ಉಪಕರಣ ಇತ್ತು. ಸಭೆಗೆ ಬಂದವರಿಗೆ ತೋರಿಸಲು ತಂದಿದ್ದರು. ಎರಡು ದಿನದಲ್ಲಿ ಯಾರೂ ನೋಡಲು ಕೇಳಿರಲಿಲ್ಲವಂತೆ. ಅವರು ಆಡಿದ್ದು ಇಂಗ್ಲಿಷು, ಅದೂ ಮುರುಕು. ಆದರೆ ನನಗೆ ಸಂತಪುರದ ನಮ್ಮ ಕಾಕಾ ಮಾತಾಡಿದ ಹಾಗೇ ಕೇಳಿಸಿತು, ಹಾಗೇ ಬರೆಯುತ್ತೇನೆ.

“ಹಿಡಿ, ಹಿಡಿ. ಅಂಜಬ್ಯಾಡ” ಎಂದು ಅದನ್ನು ನನ್ನ ಕೈಗೆ ಕೊಟ್ಟರು.

ಐದು ವರ್ಷ ನಾನು ಇದರ ಜೋಡಿ ಮೇಲಿಂದ ಕಳಿಸಿದ ಅಂಕಿಗಳನ್ನು ನೋಡಿದ್ದೆ, ಉಪಕರಣವನ್ನು ನೋಡಿರಲಿಲ್ಲ. ಎರಡು ಮುಷ್ಟಿಯಷ್ಟು ದೊಡ್ಡದು. ಸುತ್ತ ಸಣ್ಣ ಸಣ್ಣ ಕಿಟಕಿಗಳು. ಅದರ ಒಂದು ಕಿಟಕಿಯನ್ನು ಕೋಣೆಯ ಹೊರಗಿನ ಸೂರ್ಯನ ಕಡೆಗೆ ಹಿಡಿದು, ಕಲಿಸುವವಳ ರೂಢಿಯಂತೆ ನನಗೆ ನಾನೇ ಹೇಳಿಕೊಂಡೆ, ಇಲ್ಲಿ ಒಳಗೆ ಬಂದ ಕಣ ಸೂರ್ಯನಿಂದ ಭೂಮಿಯ ಕಡೆಗೆ ಹೊರಟದ್ದು.

“ದಾಖಲೆಯ ಫೈಲಿನ್ಯಾಗ ಇದಕ್ಕ ಯಾವ ದಿಕ್ಕು ಬರೀತಾರ?” ಎಂದೆ. ಸುಮ್ಮನೆ ಮಾತಿಗೆ ಕೇಳಿದ್ದು.

“ಹಳೀ ಫೈಲಿನ್ಯಾಗಾದ್ರ ಕಣ ಹೋಗೂ ದಿಕ್ಕು. ಹೊಸಾದ್ರಾಗ ಕಿಡಕಿ ನೋಡೂ ದಿಕ್ಕು.”

ಒಂದಕ್ಕೊಂದು ತದ್ವಿರುದ್ಧ ದಿಕ್ಕು ಅವು. ಉಪಕರಣವನ್ನು ಮೇಜಿನ ಮೇಲಿಟ್ಟೆ. “ಬದಲ್ ಮಾಡ್ಯಾರೇನು?”

“ಹೂಂ. ಮಾಡಬ್ಯಾಡ್ರಿ, ಮಂದಿ ಗಡಬಡಿಸ್ತಾರ ಅಂತ ನಾ ಬಡಕೊಂಡೆ. ಫೈಲಿನ ಸಂಗಟ ಸೂಚನಿ ಬರ್ದೀವಿ, ಓದ್ತಾರ ಅಂದ್ರು.” ಅವರು ಕಾಫಿ ಗುಟುಕರಿಸಿ ನನ್ನ ಮುಖ ನೋಡಿದರು. “ನೀ ಓದೇ ಇಲ್ಲೇನು?”

ಹಳೆಯ ಫೈಲುಗಳ ಸೂಚನೆ ನನಗೆ ಬಾಯಿಪಾಠ ಬರುತ್ತಿತ್ತು. ಬಾಯಿಪಾಠ ಬರುತ್ತಿತ್ತೆಂದೇ ಹೊಸದನ್ನು ತೆರೆದಿರಲಿಲ್ಲ.

ಅದೇ ದಿನ, ಮಧ್ಯಾಹ್ನ

ತರಗತಿಗೆ ಹೋಗಿ ಸೂಚನೆ ತೆರೆದೆ. ಎರಡನೆಯ ಪುಟದಲ್ಲಿ ಒಂದೇ ವಾಕ್ಯ, ಲೆನ್ನಾರ್ಟ್ ಹೇಳಿದ್ದೇ. ನನ್ನ ಪ್ರೋಗ್ರಾಮಿನಲ್ಲಿ ಹೊಸ ಫೈಲುಗಳ ದಿಕ್ಕು ಓದುವ ಸಾಲಿಗೆ ಮೈನಸ್ ಚಿಹ್ನೆ ಸೇರಿಸಿ ಮತ್ತೆ ಓಡಿಸಿದೆ. ಐದು ಘಟನೆಗಳು ಹಳೆಯ ಫೈಲಿನವು, ಇದ್ದ ಹಾಗೇ ಇದ್ದವು. ನಾಲ್ಕು ಹೊಸ ಫೈಲಿನವು, ಅವು ತಿರುಗಿ ನಿಂತವು. ಸೂರ್ಯನ ಕಡೆಗೆ ಓಡುತ್ತಿವೆ ಎಂದು ನಾನು ಬರೆದ ಕಣಗಳು ಸೂರ್ಯನಿಂದಲೇ ಬರುತ್ತಿದ್ದವು. ಅವಕ್ಕೂ ಆಘಾತಕ್ಕೂ ಸಂಬಂಧವೇ ಇರಲಿಲ್ಲ. ಬ್ರಿಗಿಟ್ಟಾ ಬೆರಳಿಟ್ಟು ತೋರಿಸಿದ್ದು ಸರಿಯಾಗಿ ಆ ನಾಲ್ಕನ್ನೇ. ರೇಖೆ ಆಘಾತವನ್ನು ಮುಟ್ಟದ ನಾಲ್ಕು.

ಇಲ್ಲದ ಬಾಗನ್ನು ಸಾಧಿಸಲು ನಾನು ಎರಡು ವರ್ಷ ಚಿತ್ರ ಬಿಡಿಸಿದ್ದೆ. ಆ ಚಿಕ್ಕ ಬೆಂಚಿನ ಮೇಲೆ ಕೂತು ಅತ್ತೆ. ಆಮೇಲೆ ಇನ್ನೊಂದು ಯೋಚನೆ ಬಂತು, ಅದನ್ನೂ ಮುಚ್ಚಿಡದೆ ಹೇಳುತ್ತೇನೆ. ಇದು ಇನ್ನೂ ಯಾರಿಗೂ ಗೊತ್ತಿಲ್ಲ. ನಾಳೆ ಒಂಬತ್ತನ್ನೂ ಹೇಳಿ, ಬಾಗಿದ ರೇಖೆ ತೋರಿಸಿ ಬಂದರೆ ಯಾರು ಹಿಡಿಯುತ್ತಾರೆ? ಒಂಬತ್ತಿದ್ದರೆ ಪ್ರಬಂಧ ನಿಲ್ಲುತ್ತದೆ. ಐದಕ್ಕೆ ನಿಲ್ಲುತ್ತದೆಯೇ?

ನಜೀರ್ ಸರ್‌ಗೆ ಫೋನ್ ಮಾಡಿದೆ. ಬೀದರದಲ್ಲಿ ಆಗ ಸಂಜೆ. ಮಗ್ರಿಬ್ ನಮಾಜು ಮುಗಿಸಿ ಕೂತಿದ್ದರು. ಎಲ್ಲ ಹೇಳಿದೆ.

“ಸರ್, ಕೇಳ್ಲಿಕತ್ತೀರೇನ್ರಿ?”

“ಕೇಳ್ಲಿಕತ್ತೀನಿ ಬೇಟಾ. ಪಕ್ಕಾ ನೋಡೀದಿ?”

“ಮೂರು ಸಲ ನೋಡೀನ್ರಿ.”

“ಐದು?”

“ಐದಕ್ಕೂ ರೇಖಿ ಮುಟ್ತದರಿ. ಐದೂ ಖರೇ ಅವ.”

“ಹಂಗಾರ ನಾಳಿ ಏನ್ ಹೇಳ್ತಿ?”

ಅವರು ಹೀಗೆ ಹೇಳು ಎನ್ನುತ್ತಾರೆ ಎಂದು ಕಾದೆ. ಹೇಳಲಿಲ್ಲ. ಅಚ್ಚಾದ ಆ ಚಿಕ್ಕ ಲೇಖನದಲ್ಲಿ ಅವರ ಹೆಸರೂ ಇತ್ತು, ನಿವೃತ್ತಿಗೆ ಕೆಲವೇ ತಿಂಗಳು ಉಳಿದಿತ್ತು. ಆದರೂ ಒಂದು ಮಾತನ್ನೂ ಆ ಕಡೆಗಾಗಲಿ ಈ ಕಡೆಗಾಗಲಿ ವಾಲಿಸಲಿಲ್ಲ. ನನ್ನ ಉತ್ತರವನ್ನೇ ಕಾಯುತ್ತಿದ್ದರು.

“ಖರೇ ಹೇಳ್ತೇನ್ರಿ” ಎಂದೆ.

“ಠೀಕ್ ಅದ” ಎಂದರು. “ಚಿತ್ರ ಎಲ್ಲಾ ಹೊಸಾವು ಮಾಡು. ಟೈಮ್ ಖರಾಬ್ ಮಾಡಬ್ಯಾಡ.”

ಮೂರು ಗಂಟೆಯ ಕಾಫಿ ಆಗಲೇ ಮುಗಿದು ಬ್ರಿಗಿಟ್ಟಾ ತಮ್ಮ ಕಪ್ಪು ತೊಳೆಯುತ್ತಿದ್ದರು. ಅಲ್ಲಿ ಎಷ್ಟು ದೊಡ್ಡವರಾದರೂ ಅವರ ಕಪ್ಪು ಅವರೇ ತೊಳೆಯಬೇಕು. ನನ್ನ ದಾಖಲೆಯಲ್ಲಿ ತಪ್ಪು ಸಿಕ್ಕಿದೆ, ಚಿತ್ರಗಳನ್ನು ಹೊಸದಾಗಿ ಮಾಡುತ್ತಿದ್ದೇನೆ ಎಂದು ಹೇಳಿದೆ.

“ನೀವು ನಾಳೆ ಮಾತಾಡದೆ ಇರಬಹುದು. ಯಾರೂ ತಪ್ಪು ತಿಳಿಯುವುದಿಲ್ಲ. ಬೇರೆಯವರಿಗೆ ಆ ಸಮಯ ಕೊಡಲೇ?”

“ಬೇಡ” ಎಂದೆ.

ಅವರು ತಲೆಯಾಡಿಸಿದರು. ಒತ್ತಾಯ ಮಾಡಲಿಲ್ಲ. ಆ ದೇಶಕ್ಕೆ ಬಂದ ಮೇಲೆ ನಾನು ಬೇಕೆಂದೇ ಹೇಳಿದ ಮೊದಲ ಬೇಡ ಅದು.

ನಾಲ್ಕನೆಯ ದಿನ

ಬರಿಗಾಲಲ್ಲಿ ಕರಿಹಲಗೆಯ ಮುಂದೆ ನಿಂತೆ. ಪರದೆಯ ಮೇಲಿನ ಶೀರ್ಷಿಕೆಯಲ್ಲಿ ಒಂಬತ್ತು ಎಂದೇ ಇತ್ತು. ಅದನ್ನು ಬೇಕೆಂದೇ ಉಳಿಸಿಕೊಂಡಿದ್ದೆ.

“ಇಲ್ಲಿ ಒಂಬತ್ತು ಎಂದಿದೆ. ನಿನ್ನೆ ಮಧ್ಯಾಹ್ನದವರೆಗೆ ನಾನೂ ಹಾಗೇ ನಂಬಿದ್ದೆ. ಐದೇ ಇರುವುದು. ಉಳಿದ ನಾಲ್ಕು ಹೇಗೆ ತಪ್ಪಿದವು ಎಂದು ಮೊದಲು ಹೇಳುತ್ತೇನೆ.”

ಹಳೆಯ ಫೈಲು, ಹೊಸ ಫೈಲು, ಕಿಟಕಿ ನೋಡುವ ದಿಕ್ಕು, ಕಣ ಹೋಗುವ ದಿಕ್ಕು, ಎಲ್ಲ ಹೇಳಿದೆ. ದನಿ ನಡುಗಲಿಲ್ಲ. ದನಿ ಇಪ್ಪತ್ತು ವರ್ಷ ತರಗತಿಯಲ್ಲಿ ಪಳಗಿದ್ದು. ಸೂಚನೆಯ ಆ ವಾಕ್ಯವನ್ನು ದೊಡ್ಡ ಅಕ್ಷರದಲ್ಲಿ ತೋರಿಸಿದಾಗ ಹಿಂದಿನ ಬೆಂಚಿನಲ್ಲಿ ಒಬ್ಬರು ಲ್ಯಾಪ್‌ಟಾಪು ತೆರೆದರು. ಆಮೇಲೆ ಇನ್ನೊಬ್ಬರು. ಸ್ವಲ್ಪ ಹೊತ್ತಿನಲ್ಲಿ ಅರ್ಧ ಕೋಣೆ ತಲೆ ತಗ್ಗಿಸಿ ತಮ್ಮ ತಮ್ಮ ಫೈಲು ತಡಕುತ್ತಿತ್ತು. ಕೀಲಿಮಣೆಗಳ ಸದ್ದಿನ ನಡುವೆ ನಾನು ಮಾತಾಡುತ್ತಲೇ ಹೋದೆ. ಕೊನೆಯ ಸಾಲಿನಲ್ಲಿ ಲೆನ್ನಾರ್ಟ್ ತಮ್ಮ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತಿದ್ದರು.

ಉಳಿದ ಸಮಯವೆಲ್ಲ ಐದಕ್ಕೆ ಕೊಟ್ಟೆ. ಐದರಲ್ಲೂ ರೇಖೆ ಆಘಾತವನ್ನು ಮುಟ್ಟುತ್ತದೆ. ಐದರಲ್ಲೂ ಕಡಿಮೆ ಶಕ್ತಿಯ ಕಣಗಳು ಮೊದಲು ಏರುತ್ತವೆ, ಹೆಚ್ಚು ಶಕ್ತಿಯವು ನಿಧಾನವಾಗಿ ಆಮೇಲೆ ಏರುತ್ತವೆ. ಹೋಗಿ ಬಂದು ಹೋಗಿ ಬಂದು ಗಳಿಸುವುದಕ್ಕೆ ಹೊತ್ತು ಹಿಡಿಯುತ್ತದೆ, ಅದಕ್ಕೇ ಹಾಗೆ.

ಮುಗಿದ ಮೇಲೆ ಬ್ರಿಗಿಟ್ಟಾ ಎದ್ದರು. ಅವರ ಕೈಯಲ್ಲಿ ನಾನು ಕಳಿಸಿದ್ದ ಎರಡು ಪುಟಗಳಿದ್ದವು.

“ರೇಖೆ ಬಾಗಿದೆ ಎಂದು ನೀವು ಇಲ್ಲಿ ಬರೆದದ್ದು?”

“ತಪ್ಪು.”

“ಪೂರ್ತಿಯಾಗಿ?”

“ಪೂರ್ತಿಯಾಗಿ.”

ಅವರು ಆ ಪುಟಗಳನ್ನು ಮಡಚಿದರು. “ಆ ನಾಲ್ಕರಿಂದಾಗಿ ನಾನು ಉಳಿದ ಐದನ್ನೂ ನಂಬಿರಲಿಲ್ಲ. ಈ ಐದರ ಮೇಲೆ ಇವತ್ತು ನನ್ನ ಆಕ್ಷೇಪ ಯಾವುದೂ ಇಲ್ಲ. ನಾಳೆ ಬಂದರೆ ಬರೆಯುತ್ತೇನೆ.” ಅಷ್ಟು ಹೇಳಿ ಕೂತರು. ಚಪ್ಪಾಳೆಯಿಲ್ಲ, ಏನಿಲ್ಲ. ಆದರೂ ನನಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಇಷ್ಟು ಹಗುರಾಗಿ ಎಷ್ಟೋ ದಿನವಾಗಿತ್ತು.

ಬೀದರ

ವಾಪಸು ಬಂದ ಮರುದಿನ ಭಾಲ್ಕಿಯಿಂದ ರೈಲಿನಲ್ಲಿ ಬೀದರಕ್ಕೆ ಹೋದೆ. ನಜೀರ್ ಸರ್ ಮನೆ ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ. ಅಚ್ಚಾದ ಚಿಕ್ಕ ಲೇಖನಕ್ಕೆ ತಿದ್ದುಪಡಿ ಕಳಿಸಬೇಕಿತ್ತು. ಎಂಥ ತಪ್ಪಾಯಿತು, ಯಾವ ನಾಲ್ಕು ಘಟನೆ ಬಿಡಬೇಕು ಎಂದು ಅರ್ಧ ಪುಟ ಬರೆದು ತಂದಿದ್ದೆ. ಕೆಳಗೆ ಹೆಸರಿನ ಜಾಗ ಖಾಲಿ ಬಿಟ್ಟಿದ್ದೆ.

ಸರ್ ಕನ್ನಡಕ ಏರಿಸಿ ಎರಡು ಸಲ ಓದಿದರು. ಪೆನ್ನು ತೆಗೆದು ಖಾಲಿ ಜಾಗದ ಮೊದಲ ಸಾಲಿನಲ್ಲಿ ತಮ್ಮ ಹೆಸರು ಬರೆಯಲು ಹೊರಟರು.

“ಸರ್, ಯಾಕ್ರಿ? ಲೇಖನದಾಗ ನನ್ನ ಹೆಸರು ಮೊದಲ ಅದರಿ.”

“ಲೇಖನದ ಮಾತು ಬ್ಯಾರೆ. ಇದು ತಪ್ಪಿನ ಕಾಗದ” ಎಂದರು. “ಅಚ್ಚಿಗಿ ಕಳಿಸೂ ಮೊದಲು ಆ ಸೂಚನಿ ನಾ ಓದಬೇಕಿತ್ತು. ಓದಲಿಲ್ಲ. ನಿನ್ನ ಮುಂದ ಇನ್ನೂ ಭಾಳ ವರ್ಷದ ಉಮರ್ ಅದ, ಜನ ಮೊದಲಿನ ಹೆಸರೇ ನೆನಪಿಡ್ತಾರ. ನಂದೇನು, ನಾಳಿ ರಿಟೈರ್.”

ನನಗೆ ಕಣ್ಣು ತುಂಬಿ ಬಂತು. ಅವರೆದುರು ನಾನು ಎಂದೂ ಎದುರಾಡಿದವಳಲ್ಲ. ಆ ದಿನ ಕೈ ಚಾಚಿ ಕಾಗದ ನನ್ನ ಕಡೆಗೆ ಎಳೆದುಕೊಂಡೆ.

“ಇಲ್ರಿ ಸರ್. ನಾಲ್ಕು ನಿಮ್ಮ ತಪ್ಪು ಅಂದ್ರ, ಐದನ್ನ ನಂದು ಅಂತ ನಾ ಯಾವ ಬಾಯಿಲೆ ಹೇಳ್ಲಿ?”

ಅವರು ಪೆನ್ನನ್ನು ನನ್ನ ಕಡೆಗೆ ತಿರುಗಿಸಿ ಕೊಟ್ಟರು. ನಾನು ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದೆ.